ಹೆಡ್ಡಿನ ಮೇಲೊಂದು ಕೆಂಪು ಗೆರೆ

ನಾನು ತುಂಬಿದ ಎಲ್ಲ ಅರ್ಜಿಗಳಲ್ಲೂ ಉದ್ಯೋಗದ ಜಾಗದಲ್ಲಿ ‘ಗೃಹಿಣಿ’ ಎಂದೇ ಬರೆದಿದ್ದೇನೆ. ಸುಳ್ಳೇನಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ, ಸೆರಗು ಸಿಕ್ಕಿಸಿಕೊಂಡು, ಕೆ.ಬಿ. ಬಡಾವಣೆಯಿಂದ ಆಟೋ ಹತ್ತಿ ನಮ್ಮವರ ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಹನ್ನೊಂದರಿಂದ ನಾಲ್ಕರವರೆಗೆ ಅಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಯಾವ ಅರ್ಜಿಯಲ್ಲೂ ಹೆಸರಿರಲಿಲ್ಲ. ಎಂಜಿನ್ನಿನ ಸಿಲಿಂಡರ್ ಹೆಡ್ ಬಿರುಕು ಬಿಟ್ಟು ಬಂದರೆ, ಅದು ಇನ್ನೂ ನಡೆಯುತ್ತದೋ ಗುಜರಿಗೆ ಹೋಗಬೇಕೋ ಎಂದು ಹೇಳುವುದು ನನ್ನ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಹೇಳಿದೆ. ಹೋದ ಯುಗಾದಿಗೆ ಬಿಟ್ಟೆ. ಈಗ ಈ ಕೆಲಸಕ್ಕೆ ಬರುವವರು ಫೋನಿನಲ್ಲಿ ವಿಡಿಯೋ ನೋಡಿ ಬರುತ್ತಾರೆ, ಒಳ್ಳೆಯದೇ. ವಿಡಿಯೋದಲ್ಲಿ ಸಿಗದ ಒಂದೆರಡು ಸಂಗತಿಗಳನ್ನು ಅವರಿಗಾಗಿ ಬರೆದಿಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಹೆಡ್ ಎಂದರೇನು ಹೇಳಿಬಿಡುತ್ತೇನೆ. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಬೀಡು ಕಬ್ಬಿಣದ ಭಾರದ ತುಂಡು ಅದು. ಕೆಳಗಿನ ಬದಿಯಲ್ಲಿ ಬೆಂಕಿ, ಹೊಟ್ಟೆಯೊಳಗೆ ಹರಿಯುವ ನೀರು, ಎರಡರ ನಡುವೆ ಬೆರಳು ದಪ್ಪದ ಗೋಡೆ. ನೀರು ಕಮ್ಮಿಯಾಗಿ ಎಂಜಿನ್ ಕಾದರೆ ಆ ಗೋಡೆ ಬಿರಿಯುತ್ತದೆ. ಬಿರುಕು ನೀರನ್ನು ಮುಟ್ಟಿತೋ, ಹೆಡ್ಡಿನ ಕಥೆ ಮುಗಿಯಿತು. ಗಾಳಿ, ಹೊಗೆ ಓಡಾಡುವ ಎರಡು ವಾಲ್ವಿನ ತೂತುಗಳ ನಡುವೆ ಮೇಲ್ಮೈಯಲ್ಲೇ ನಿಂತಿದ್ದರೆ ಅದು ವರ್ಷಗಟ್ಟಲೆ ಓಡುತ್ತದೆ. ಬಿರುಕು ಇದೆಯೋ ಇಲ್ಲವೋ ಎಂದು ಹುಡುಕುವುದು ಯಾರಿಗಾದರೂ ಬರುತ್ತದೆ. ಅದು ಎಲ್ಲಿ ನಿಂತಿದೆ ಎಂದು ಹೇಳುವುದೇ ಕಷ್ಟ.

ನಾನು ಇದಕ್ಕೆ ಇಳಿದದ್ದು ಊಟದ ಡಬ್ಬಿಯ ದೆಸೆಯಿಂದ. ನಮ್ಮವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಒಂದು ಮಧ್ಯಾಹ್ನ ಡಬ್ಬಿ ಕೊಡಲು ಹೋದಾಗ ಅವರೂ ಅಂಗಡಿಯ ಹಿರಿಯ ಮೇಸ್ತ್ರಿ ಖಾದರ್ ಸಾಹೇಬರೂ ಒಂದು ಹೆಡ್ಡಿನ ಮೇಲೆ ಬಗ್ಗಿ ವಾದ ಮಾಡುತ್ತಿದ್ದರು. ಏನೂ ಇಲ್ಲ ಎಂದು ಇಬ್ಬರೂ ಒಪ್ಪುವ ಹೊತ್ತಿಗೆ ನಾನು, ಇಲ್ಲೊಂದು ಗೆರೆ ಕಾಣುತ್ತಿದೆಯಲ್ಲ ಎಂದೆ. ಖಾದರ್ ಸಾಹೇಬರು ಅಲ್ಲಿ ಉಗುರು ಎಳೆದು ನೋಡಿದರು. ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಮರುದಿನ ಡಬ್ಬಿ ತರಲು ಬೇರೆಯವರನ್ನು ಕಳಿಸಬೇಡಿ, ಅಕ್ಕಾರೇ ಬರಲಿ ಎಂದು ನಮ್ಮವರಿಗೆ ಹೇಳಿದರಂತೆ.

ನನ್ನ ಕಣ್ಣು ಹಾಗಾಗಿದ್ದಕ್ಕೆ ಕಾರಣ ಕಾನ್ವೆಂಟಿನ ಹೊಲಿಗೆ ಕ್ಲಾಸು. ನಮ್ಮ ಸಿಸ್ಟರ್ ಕಸೂತಿಯ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆ ತಿರುಗಿಸಿ ಹಿಂಬದಿಯ ಗಂಟು ನೋಡಿ ಅಂಕ ಹಾಕುತ್ತಿದ್ದರು. ನಾನೂ ಹೆಡ್ ಬಂದ ಕೂಡಲೇ ಬೆಂಕಿಯ ಬದಿ ಬಿಟ್ಟು ಮೊದಲು ನೀರಿನ ತೂತುಗಳೊಳಗೆ ಟಾರ್ಚ್ ಬಿಡುತ್ತಿದ್ದೆ. ತುಕ್ಕು ಎಲ್ಲಿ ದಪ್ಪಗಿದೆ, ಎಲ್ಲಿ ಮಾತ್ರ ಹೊಸದಾಗಿ ತೊಳೆದ ಹಾಗಿದೆ ಎಂದು ನೋಡುತ್ತಿದ್ದೆ. ಹೊಸದಾಗಿ ತೊಳೆದ ಹಾಗಿದ್ದರೆ ಅಲ್ಲಿಂದ ಉಗಿ ನುಗ್ಗಿದೆ ಎಂದು ಅರ್ಥ. ಖಾದರ್ ಸಾಹೇಬರು ಇದನ್ನು ‘ಕಾನ್ವೆಂಟ್ ಚೆಕಿಂಗ್’ ಎನ್ನುತ್ತಿದ್ದರು. ಮೊದಮೊದಲು ಅದು ಅಣಕ, ಆಮೇಲೆ ಅದೇ ಹೆಸರಾಯಿತು.

ಖಾದರ್ ಸಾಹೇಬರು ನನಗೆ ಗುರುವೂ ಹೌದು, ಮೇಲಧಿಕಾರಿಯೂ ಹೌದು. ಮಾಲೀಕರ ಹೆಂಡತಿ ಎಂದು ಎಂದೂ ರಿಯಾಯಿತಿ ತೋರಲಿಲ್ಲ. ಅವರ ಕಾಲದಲ್ಲಿ ಹೆಡ್ಡನ್ನು ಸಣ್ಣ ಸುತ್ತಿಗೆಯಿಂದ ಬಡಿದು ನಾದ ಕೇಳುವುದು, ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸುವುದು ಇಷ್ಟೇ ಇತ್ತು. ಬಿರುಕಿನೊಳಗೆ ಕುಳಿತ ಎಣ್ಣೆ ಪುಡಿಯನ್ನು ನೆನೆಸಿ ಗೆರೆ ಮೂಡಿಸುತ್ತದೆ. ಆಮೇಲೆ ಮೂರು ಡಬ್ಬಿಗಳು ಬಂದವು: ಒಂದು ತೊಳೆಯಲು, ಒಂದರಲ್ಲಿ ಕೆಂಪು ಬಣ್ಣ, ಒಂದರಲ್ಲಿ ಬಿಳಿ ಪುಡಿ. ಕೆಂಪು ಹೊಡೆದು, ಕಾದು, ಒರೆಸಿ, ಬಿಳಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಏಳುತ್ತದೆ. ಕೊನೆಗೆ ನೀರಿನ ದಾರಿಗಳನ್ನೆಲ್ಲ ರಬ್ಬರು, ತಗಡಿನಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು.

ಆ ತೊಟ್ಟಿಯಲ್ಲೇ ನನ್ನ ಮೊದಲ ದೊಡ್ಡ ತಪ್ಪಾಯಿತು. ಒಂದು ಲಾರಿಯ ಹೆಡ್ ತಣ್ಣೀರಿನಲ್ಲಿ ಮುಳುಗಿಸಿದೆ, ಒಂದು ಗುಳ್ಳೆಯೂ ಬರಲಿಲ್ಲ, ಪಾಸು ಎಂದೆ. ವಾರದೊಳಗೆ ಲಾರಿಯವರು ಎಣ್ಣೆ ಅಳೆಯುವ ಕಡ್ಡಿ ಹಿಡಿದುಕೊಂಡು ಬಂದರು. ಕಪ್ಪಗಿರಬೇಕಾದ ಎಂಜಿನ್ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿ ನೊರೆ ಕಟ್ಟಿತ್ತು. ನೀರು ಸೇರಿದರೆ ಹಾಗಾಗುತ್ತದೆ. ಅವರು ಬೈಯಲಿಲ್ಲ, ಕಡ್ಡಿಯನ್ನು ನನ್ನ ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಖಾದರ್ ಸಾಹೇಬರು ಹೇಳಿದ್ದು ಒಂದೇ ಮಾತು.

“ಅಕ್ಕಾರೆ, ಎಂಜಿನ್ನು ತಣ್ಣೀರಾಗೆ ಓಡಲ್ಲ. ಬೀಡು ಕಾದ ಮ್ಯಾಲೇ ಬಾಯಿ ಬಿಡ್ತೈತೆ.”

ಅಂದಿನಿಂದ ತೊಟ್ಟಿಯ ಕೆಳಗೆ ಬರ್ನರ್ ಬಂತು. ಹೊಸಬರಿಗೆ ನನ್ನ ಮೊದಲ ಮಾತು ಇದೇ. ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ನೋಡದೆ ಯಾವ ಹೆಡ್ಡಿಗೂ ಪಾಸು ಹೇಳಬೇಡಿ.

ನಮ್ಮ ಅಂಗಡಿಯಲ್ಲಿ ಖಾದರ್ ಸಾಹೇಬರು ಮಾಡಿದ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನಡೆಯುವುದಿಲ್ಲ ಎಂದು ಗುರುತು ಹಾಕಿದ ಹೆಡ್ಡನ್ನು ಗಿರಾಕಿಯೇ ತನ್ನ ಕೈಯಾರೆ ದೊಡ್ಡ ಸುತ್ತಿಗೆಯಿಂದ ಒಡೆಯಬೇಕು. ಇಡಿಯಾಗಿ ಗುಜರಿಗೆ ಹೋದ ಹೆಡ್ ಬಣ್ಣ ಹೊಡೆಸಿಕೊಂಡು ಮತ್ತೆ ಬಜಾರಿಗೆ ಬರುತ್ತದೆ, ಇನ್ನೊಬ್ಬರ ಎಂಜಿನ್ ತಿನ್ನುತ್ತದೆ. ಮುರಿದ ತುಂಡನ್ನು ಯಾರೂ ಮಾರಲಾರರು. ಗಿರಾಕಿಯೇ ಒಡೆದರೆ ನಮ್ಮ ಮೇಲೂ ಅನುಮಾನ ಉಳಿಯುವುದಿಲ್ಲ. ಗುರುತು ಹಾಕುವವಳು ನಾನು. ಹಾಕಿದ ಗುರುತು ಒಮ್ಮೆಯೂ ಅಳಿಸಿರಲಿಲ್ಲ. ಆ ಹೆಮ್ಮೆ ನನಗೂ ಇತ್ತು, ಅಂಗಡಿಗೂ ಇತ್ತು.

ಹೀಗಿರುವಾಗ ಹರಿಹರದ ಹಾಲೇಶ ಬಂದ.

ಆಯುಧಪೂಜೆ ತಡವಾಗಿ ಬಂದ ವರ್ಷ ಅದು. ಹೊಳೆಗೆ ಪಂಪ್‌ಸೆಟ್ ಇಟ್ಟು ಮುಂಚೆ ನಾಟಿ ಮಾಡಿದ ಹರಿಹರದ ಕಡೆಯ ಗದ್ದೆಗಳು ಆಗಲೇ ಕೊಯ್ಲಿಗೆ ಬಂದಿದ್ದವು. ಹಾಲೇಶ ಹತ್ತು ಹನ್ನೆರಡು ವರ್ಷ ಬೇರೆಯವರ ಭತ್ತ ಕೊಯ್ಯುವ ಯಂತ್ರ ಓಡಿಸಿದವನು. ಆ ವರ್ಷ ಮೊದಲ ಸಲ ಸ್ವಂತದ್ದೊಂದು ಹಳೇ ಯಂತ್ರ ಕೊಂಡು, ಸುತ್ತಲಿನ ರೈತರಿಗೆಲ್ಲ ನಿಮ್ಮ ಗದ್ದೆ ನಾನೇ ಕೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದ. ಓಡಿಸಿ ನೋಡುವಾಗ ರೇಡಿಯೇಟರಿಗೆ ಹೊಟ್ಟು ಕಟ್ಟಿ ಎಂಜಿನ್ ಕಾಯಿತು, ಹೆಡ್ ಬಿಚ್ಚಬೇಕಾಯಿತು. ಆ ಮಾಡೆಲಿನ ಹೊಸ ಹೆಡ್ ಎಲ್ಲೂ ಇರಲಿಲ್ಲ. ದೂರದಿಂದ ತರಿಸಿದರೆ ಮೂರು ವಾರ. ಅಷ್ಟರಲ್ಲಿ ಹೊರಗಿನ ಯಂತ್ರಗಳು ಬಂದು ಕೊಯ್ದು ಹೋಗುತ್ತವೆ. ಮೊದಲ ವರ್ಷ ಮಾತು ತಪ್ಪಿದವನನ್ನು ಮುಂದಿನ ವರ್ಷ ಯಾರೂ ಕರೆಯುವುದಿಲ್ಲ. ಅವನೇ ಇದನ್ನೆಲ್ಲ ಹೇಳಿದ, ಹೇಳುವಾಗ ಟವೆಲ್ಲಿನ ಅಂಚನ್ನು ಬಿಡಿಸುತ್ತ ಬಿಡಿಸುತ್ತ ಅರ್ಧ ಗೇಣು ನೂಲು ತೆಗೆದಿದ್ದ.

ಅವನು ಹೆಡ್ ತಂದದ್ದು ಪೂಜೆಯ ದಿನವೇ. ತೊಳೆದು ಕೆರೆದು ಬೆಂಚಿನ ಮೇಲಿಟ್ಟಿದ್ದೆವು. ನಮ್ಮಲ್ಲಿ ಆವತ್ತು ಲೇತಿನಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ಎಣ್ಣೆ ಜಿಡ್ಡಿನ ಕಬ್ಬಿಣಕ್ಕೆ ಒಣ ಕುಂಕುಮ ಹಿಡಿಯುವುದಿಲ್ಲವೆಂದು ನಾನೇ ಅದನ್ನು ಹರಳೆಣ್ಣೆಯಲ್ಲಿ ಕಲಸುತ್ತಿದ್ದೆ. ತನ್ನ ಹೆಡ್ಡಿಗೂ ಹಚ್ಚಿ ಎಂದು ಹಾಲೇಶ ಕೇಳಿಕೊಂಡ. ಎರಡು ವಾಲ್ವಿನ ತೂತುಗಳು ಎರಡು ಕಣ್ಣಿನ ಹಾಗೆ ಕಾಣುತ್ತವೆ. ನಡುವಿನ ಜಾಗ ಹಣೆಯಂತೆ ಕಂಡಿತು. ಅಲ್ಲಿ ಉಂಗುರದ ಬೆರಳಿನಿಂದ ಒತ್ತಿ ಬೊಟ್ಟಿಟ್ಟೆ.

ಮರುದಿನ ಒರೆಸಿ, ಕೆಂಪು ಹೊಡೆದು, ಬಿಳಿ ಹೊಡೆದೆ. ಹಾಲೇಶ ಎದುರಿಗೇ ಕೈಕಟ್ಟಿ ನಿಂತಿದ್ದ. ಗೆರೆ ಎದ್ದಿತು. ವಾಲ್ವುಗಳ ನಡುವಿನಿಂದ ಹೊರಟು, ಸ್ವಲ್ಪ ಸೊಟ್ಟಗೆ ತಿರುಗಿ, ನೀರಿನ ತೂತಿನ ಅಂಚಿನವರೆಗೂ ಹೋಯಿತು. ಅಷ್ಟು ಸ್ಪಷ್ಟ ಗೆರೆ ನೋಡಿ ತೊಟ್ಟಿಗೆ ಇಳಿಸುವ ಗೋಜಿಗೂ ಹೋಗಲಿಲ್ಲ. ನಡೆಯುವುದಿಲ್ಲ ಎಂದು ಹೇಳಿ ಸೀಮೆಸುಣ್ಣದಲ್ಲಿ ಹೆಡ್ಡಿನ ಮೇಲೂ ಗೋಡೆಯ ಹಲಗೆಯಲ್ಲಿ ಅವನ ಹೆಸರಿನ ಮುಂದೆಯೂ ಕತ್ತರಿ ಗುರುತು ಹಾಕಿದೆ. ಖಾದರ್ ಸಾಹೇಬರು ಸುತ್ತಿಗೆ ತಂದು ಅವನ ಪಕ್ಕಕ್ಕಿಟ್ಟರು. ಅವನು ಅದರ ಹಿಡಿ ಮುಟ್ಟಿ ಕೈ ತೆಗೆದ.

“ಇವತ್ತು ಕೈ ಬರವಲ್ದುರಿ. ನಾಳೆ ಬೆಳಿಗ್ಗೆ ಬಂದು ನಾನೇ ಹೊಡಿತೀನಿ.”

ನಿಯಮದ ಪ್ರಕಾರ ಅಂದೇ ಒಡೆಯಬೇಕು. ಖಾದರ್ ಸಾಹೇಬರು ಅವನ ಮುಖ ನೋಡಿ ಒಂದು ರಾತ್ರಿ ಬಿಟ್ಟುಕೊಟ್ಟರು. ಅವರ ಕಾಲಾವಧಿಯಲ್ಲಿ ಅದೊಂದೇ ಸಡಿಲಿಕೆ ನಾನು ಕಂಡದ್ದು.

ಸಂಜೆ ಮನೆಗೆ ಬಂದು ಚಪಾತಿ ಹಿಟ್ಟು ಕಲಸಲು ಕೈ ತೊಳೆದೆ. ಹಿಂದಿನ ದಿನದಿಂದ ನಾಲ್ಕೈದು ಸಲ ಸೋಪಿನಿಂದ ತೊಳೆದ ಕೈ. ಹಿಟ್ಟು ಕಲಸಿದ ಮೇಲೆ ನೋಡುತ್ತೇನೆ, ಬಿಳಿ ಹಿಟ್ಟಿನ ಮೇಲೆ ಉಂಗುರದ ಬೆರಳು ತಾಗಿದಲ್ಲೆಲ್ಲ ತೆಳ್ಳಗೆ ಕೆಂಪು. ಉಗುರಿನ ಸಂದಿಯಲ್ಲಿ ಕುಳಿತಿದ್ದ ಕುಂಕುಮ ಎಣ್ಣೆಯೊಂದಿಗೆ ಹೊರಗೆ ಬಂದಿತ್ತು. ಹಿಟ್ಟು ಹಾಗೇ ಬಿಟ್ಟು ಹೊರಗೆ ಬಂದು ನಮ್ಮವರ ಪಕ್ಕ ಕುಳಿತೆ.

ಬೊಟ್ಟಿಟ್ಟ ಜಾಗದಿಂದಲೇ ಗೆರೆ ಹೊರಟಿತ್ತು. ಮಸಿ ಕೆರೆಯುವಾಗ ಉಕ್ಕಿನ ಪಟ್ಟಿ ಜಾರಿದರೆ ಬೀಡಿನ ಮೇಲೆ ಗೀರು ಬೀಳುತ್ತದೆ. ಆ ಗೀರಿನಲ್ಲಿ ನನ್ನ ಎಣ್ಣೆ ಕುಂಕುಮ ಇಳಿದಿದ್ದರೆ? ಬಿರುಕಿಗೂ ಕೆಂಪು, ಕುಂಕುಮಕ್ಕೂ ಕೆಂಪು. ನಾನು ನೋಡಿದ್ದು ಯಾವುದನ್ನು? ಇದನ್ನೆಲ್ಲ ಹೇಳಿದಾಗ ನಮ್ಮವರು, ಬೆಳಿಗ್ಗೆ ಬೇಗ ಹೋಗು, ಅವನು ಬರುವ ಮುಂಚೆ ಎಂದರು.

ಏಳು ಗಂಟೆಗೆ ಹೋದೆ. ಖಾದರ್ ಸಾಹೇಬರು ಬಾಗಿಲು ತೆರೆಯುತ್ತಿದ್ದರು. ಗುರುತು ಹಾಕಿದ ಹೆಡ್ಡನ್ನು ಮತ್ತೆ ನೋಡಬೇಕು ಎಂದಾಗ ಅವರ ಹುಬ್ಬು ಗಂಟಾಯಿತು. ಒಬ್ಬರಿಗೆ ಮತ್ತೆ ನೋಡಿದರೆ ನಾಳೆ ಎಲ್ಲರೂ ಕೇಳುತ್ತಾರೆ, ಗುರುತಿಗೆ ಬೆಲೆಯೇ ಇರುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಕುಂಕುಮದ ವಿಷಯ ಹೇಳಿ ಬೆರಳು ತೋರಿಸಿದೆ. ಅವರು ನನ್ನ ಕೈಯನ್ನು ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿ ನೋಡಿದರು.

“ಗುರುತು ಹಾಕಿದೋರು ನೀವು. ಅಳಿಸೋದಾದ್ರೆ ಹಾಲೇಶನ ಎದುರಿಗೇ ಅಳಿಸಬೇಕು, ಯಾಕಂತ ಬಾಯಿಬಿಟ್ಟು ಹೇಳಬೇಕು. ಆಗ್ತೈತಾ?”

ಆಗುತ್ತದೆ ಎಂದೆ. ಅವರೇ ಹೆಡ್ ಹೊತ್ತು ಬಿಸಿ ಸೋಡಾ ನೀರಿಗೆ ಇಳಿಸಿದರು.

ಅದನ್ನು ಎರಡು ಸಲ ಕುದಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಸಾಲ್ವೆಂಟಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿದೆವು. ಭೂತಗನ್ನಡಿಯಲ್ಲಿ ನೋಡಿದರೆ ಗೀರು ಅಲ್ಲೇ ಇತ್ತು. ಅದರ ತಳ ಹೊಳೆಯುತ್ತಿತ್ತು. ಬಿರುಕಿಗೆ ತಳ ಕಾಣುವುದಿಲ್ಲ, ಅದು ಕಪ್ಪಗೇ ಇರುತ್ತದೆ. ಇದು ನಿನ್ನೆಯೇ ನನ್ನ ಕಣ್ಣಿಗೆ ಬೀಳಬೇಕಿತ್ತು. ಕೆಂಪು ಹೊಡೆದೆ. ಕಾದೆ. ಒರೆಸಿದೆ. ಬಿಳಿ ಹೊಡೆದೆ. ವಾಲ್ವುಗಳ ನಡುವೆ ಅಕ್ಕಿಕಾಳಿನಷ್ಟು ಉದ್ದದ ಗೆರೆಯೊಂದು ಎದ್ದಿತು. ಬಿರುಕು ಇದ್ದದ್ದು ನಿಜವೇ. ಅದು ಅಷ್ಟಕ್ಕೇ ನಿಂತಿತು. ಅದರಾಚೆ ನೀರಿನ ತೂತಿನವರೆಗೂ ಬರೀ ಬಿಳಿ.

ಆಮೇಲೆ ತೊಟ್ಟಿ. ಬರ್ನರ್ ಹಚ್ಚಿ, ಗಾಳಿ ತುಂಬಿ, ಮುಳುಗಿಸಿದೆವು. ನೀರು ಕಾಯುತ್ತಿದ್ದಂತೆ ಹೆಡ್ಡಿನ ಮೈತುಂಬ ಸಣ್ಣ ಗುಳ್ಳೆಗಳು ಕೂತವು. ಅಷ್ಟರಲ್ಲಿ ಹಾಲೇಶ ಬಂದು, ಗುಳ್ಳೆ ನೋಡಿ, ಏನೂ ಕೇಳದೆ ಮೂಲೆಯಲ್ಲಿದ್ದ ಸುತ್ತಿಗೆಯತ್ತ ನಡೆದ. ಹೊಸಬರು ಇಲ್ಲಿ ಗಮನಿಸಬೇಕು. ಕಾಯುವ ನೀರು ತಾನೇ ಗುಳ್ಳೆ ಬಿಡುತ್ತದೆ. ಅದನ್ನು ಬ್ರಷ್ಷಿನಿಂದ ಒರೆಸಿಬಿಟ್ಟರೆ ಹೋಯಿತು. ಸೋರುವ ಗುಳ್ಳೆ ಒರೆಸಿದ ಜಾಗದಲ್ಲೇ ಮತ್ತೆ ಮತ್ತೆ ಹುಟ್ಟುತ್ತದೆ. ನಾನು ಒರೆಸಿದೆ. ಖಾದರ್ ಸಾಹೇಬರು ನಿಂತ ಜಾಗ ಬಿಟ್ಟು ಅಲುಗಲಿಲ್ಲ. ಎರಡು ಸಲ ಟೀ ತಂದವರು ಟೀ ಆರಿತೆಂದು ವಾಪಸು ಒಯ್ದರು. ಅಕ್ಕಿಕಾಳಿನ ಗೆರೆಯ ಮೇಲೆ ಒಂದು ಗುಳ್ಳೆಯೂ ಹುಟ್ಟಲಿಲ್ಲ.

“ಹಾಲೇಶ್, ಸುತ್ತಿಗೆ ಇಡಪ್ಪ” ಎಂದೆ. “ನಿನ್ನೆ ತಪ್ಪು ನೋಡಿದ್ದು ನಾನು. ನಾನೇ ಇಟ್ಟ ಕುಂಕುಮವನ್ನ ಬಿರುಕು ಅಂದುಬಿಟ್ಟೆ.”

“ಹಂಗಾರೆ ಕ್ರ್ಯಾಕ್ ಇಲ್ಲೇನ್ರಿ ಅಮ್ಮಾರೆ?”

“ಇದೆ. ಆದರೆ ನಡೆಯುತ್ತೆ.”

ಅವನಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತೊಟ್ಟಿಯ ಅಂಚು ಹಿಡಿದು ಬಗ್ಗಿ ನೋಡಿದ. ಗೆರೆಯನ್ನೂ ಗೀರನ್ನೂ ಬೇರೆ ಬೇರೆ ತೋರಿಸಿದೆ. ಹೆಡ್ಡಿನ ಮೇಲಿನ ಗುರುತು ಸೋಡಾ ನೀರಿಗೇ ಹೋಗಿತ್ತು; ಹಲಗೆಯ ಮೇಲಿದ್ದ ನನ್ನ ಕತ್ತರಿ ಗುರುತನ್ನು ಅವನ ಎದುರಿಗೇ ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ. ಸೀಮೆಸುಣ್ಣ ಒರೆಸಲು ಎಷ್ಟು ಹೊತ್ತು, ಆದರೂ ಎರಡೆರಡು ಸಲ ಒರೆಸಿದೆ. ಖಾದರ್ ಸಾಹೇಬರು ಲೇತಿನ ಕಡೆ ಮುಖ ಮಾಡಿ, ಮುಂದಿನ ವರ್ಷದಿಂದ ಗಿರಾಕಿಗಳ ಹೆಡ್ಡಿಗೆ ಬರೀ ಹೂ, ಕುಂಕುಮ ಏನಿದ್ದರೂ ಬಾಗಿಲಿಗೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇಂದಿಗೂ ಅದೇ ನಡೆದಿದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹರಿಹರದಲ್ಲಿ ಆ ಎಂಜಿನ್ ಬಿಚ್ಚಿದ್ದ ಫಿಟ್ಟರ್ ಮಂಜಣ್ಣ ಹೆಡ್ ಕೂರಿಸಲು ಒಪ್ಪಲಿಲ್ಲ. ನಿನ್ನೆ ಒಡೆಯಿರಿ ಎಂದವರು ಇಂದು ಕೂರಿಸಿ ಎಂದರೆ ಯಾರು ಒಪ್ಪುತ್ತಾರೆ? ಗದ್ದೆಯ ನಡುವೆ ಎಂಜಿನ್ ಜಾಮ್ ಆದರೆ ಕೆಟ್ಟ ಹೆಸರು ತನಗೆ, ಹೇಳಿದವರು ನಿಂತು ನೋಡುವುದಾದರೆ ಕೂರಿಸುತ್ತೇನೆ ಎಂದನಂತೆ. ಫೋನು ಕಿವಿಗೆ ಹಿಡಿದ ಹಾಲೇಶನ ಮುಖಕ್ಕೆ ಬಂದಿದ್ದ ನಗು ಹಾಗೇ ಇಳಿಯಿತು. ನಾನು ಮೂರು ಡಬ್ಬಿ, ಟಾರ್ಚು, ಭೂತಗನ್ನಡಿಯನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಅವನ ಟೆಂಪೋ ಹತ್ತಿದೆ. ಹೆಡ್ಡಿನ ಜೊತೆ ಅಂಗಡಿ ದಾಟಿ ಹೋದದ್ದು ಅದೇ ಮೊದಲು.

ಯಂತ್ರ ಗದ್ದೆಯ ಬದಿಯಲ್ಲೇ ನಿಂತಿತ್ತು. ಮಂಜಣ್ಣ ನನ್ನ ಸೀರೆ, ಚೀಲ ಎಲ್ಲವನ್ನೂ ಒಮ್ಮೆ ನೋಡಿದ.

“ಒಂದೇ ರಾತ್ರಿಗೆ ಹೆಡ್ಡಿನ ಗಾಯ ವಾಸಿ ಆತೇನ್ರಿ ಅಮ್ಮಾರೆ? ಯಾವ ಡಾಕ್ಟ್ರು?”

ನಾನು ಭೂತಗನ್ನಡಿ ಕೊಟ್ಟು ಗೀರಿನ ತಳ ನೋಡಪ್ಪ ಎಂದೆ. ನೋಡಿದ. ಮತ್ತೊಮ್ಮೆ ನೋಡಿದ. ನಡುವೆ ಗ್ಯಾಸ್ಕೆಟ್ ಹಾಳೆ ಇಟ್ಟು ಹೆಡ್ ಕೂರಿಸಿದ. ಗದ್ದೆಯ ಯಜಮಾನರು ಮಧ್ಯಾಹ್ನ ಮೂರರವರೆಗೆ ಕಾಯುವುದಾಗಿ ಹೇಳಿ ಬದುವಿನ ಮೇಲೆ ಕುಳಿತಿದ್ದರು. ರಸ್ತೆಯಲ್ಲಿ ಹೊರಗಿನ ಯಂತ್ರವೊಂದು ಆಗಲೇ ಬಂದು ನಿಂತಿತ್ತು. ಅದರ ಡ್ರೈವರ್ ಇಳಿದು ಬೀಡಿ ಸೇದುತ್ತಿದ್ದ.

ಎಂಜಿನ್ ಚಾಲೂ ಆಯಿತು. ಸುಮ್ಮನೆ ಓಡಿಸಿದರೆ ಸಾಲದು, ಮೀಟರಿನ ಮುಳ್ಳು ಬಿಸಿಯ ಗೆರೆಗೆ ಬರುವವರೆಗೆ ರೇಸ್ ಮಾಡು ಎಂದೆ. ರೇಡಿಯೇಟರಿನ ಮುಚ್ಚಳ ತೆಗೆದೇ ಶುರು ಮಾಡಿದ್ದೆವು. ಒಳಗಿನಿಂದ ಗಾಳಿ ಬಂದರೆ ಅಲ್ಲೇ ಗುಳ್ಳೆ ಏಳಬೇಕು. ನಾನು, ಮಂಜಣ್ಣ, ಹಾಲೇಶ ಮೂವರೂ ಬಾವಿ ಇಣುಕುವವರ ಹಾಗೆ ಇಣುಕಿದೆವು. ನೀರು ಸಮವಾಗಿ ಸುತ್ತುತ್ತಿತ್ತು, ಅಷ್ಟೇ. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಆರಲು ಬಿಟ್ಟು, ಮಂಜಣ್ಣ ಎಣ್ಣೆಯ ಕಡ್ಡಿ ಎಳೆದ. ನನ್ನ ಸೊಂಟದ ಬಿಳಿ ಕರ್ಚೀಫು ತೆಗೆದು ಕೊಟ್ಟೆ. ಅವನು ಹಿಂಜರಿದ, ಕಲೆ ಹೋಗಲ್ಲ ಎಂದ. ಇರಲಿ ಎಂದೆ. ಕಡ್ಡಿ ಒರೆಸಿ ಬಟ್ಟೆಯ ಕಲೆಯನ್ನು ಬಿಸಿಲಿಗೆ ಹಿಡಿದ. ಅಪ್ಪಟ ಎಣ್ಣೆ. ಸುತ್ತ ನೀರಿನ ಉಂಗುರವಿಲ್ಲ, ನೊರೆಯಿಲ್ಲ.

ಹಾಲೇಶ ಯಾರ ಅಪ್ಪಣೆಗೂ ಕಾಯಲಿಲ್ಲ. ಮೇಲೆ ಹತ್ತಿ ಯಂತ್ರವನ್ನು ಗದ್ದೆಗೆ ತಿರುಗಿಸಿದ. ಮೊದಲ ಸಾಲು ಹೋಗಿ ಬರುವವರೆಗೂ ನಾನು ಅದರ ಹೊಗೆಯನ್ನೇ ನೋಡುತ್ತ ನಿಂತಿದ್ದೆ. ಎರಡನೆಯ ಸಾಲಿಗೆ ಯಜಮಾನರು ಬದುವಿನಿಂದ ಎದ್ದರು. ನಾಲ್ಕನೆಯದಕ್ಕೆ ಯಂತ್ರ ಟ್ರ್ಯಾಕ್ಟರಿನ ಪಕ್ಕ ನಿಂತು ಕೊಳವೆ ಚಾಚಿತು, ಭತ್ತ ಟ್ರೇಲರಿಗೆ ಸುರಿಯತೊಡಗಿತು. ಆ ಸದ್ದಿನಲ್ಲಿ ಯಾರು ಏನಂದರೋ ಕೇಳಲಿಲ್ಲ. ರಸ್ತೆಯ ಡ್ರೈವರ್ ಬೀಡಿ ಎಸೆದು ತನ್ನ ಯಂತ್ರ ಹತ್ತಿ ಹೊರಟುಹೋದ. ಪಕ್ಕದ ಗದ್ದೆಯವರು ಇಬ್ಬರು ಹಾಲೇಶನನ್ನು ಕೈಮಾಡಿ ಕರೆಯುತ್ತಿದ್ದರು. ಆ ಸುಗ್ಗಿ ಪೂರ್ತಿ ಅವನು ಆ ಹೆಡ್ಡಿನಲ್ಲೇ ಓಡಿಸಿದ. ಮುಂದಿನ ಸುಗ್ಗಿಯನ್ನೂ ಅದರಲ್ಲೇ ಮುಗಿಸಿದ.

ಗುರುತು ಅಳಿಸಿದ್ದರಿಂದ ಅಂಗಡಿಯ ಮಾತಿಗೆ ಬೆಲೆ ಹೋಗುತ್ತದೆ ಎಂದು ನಾನೂ ಹೆದರಿದ್ದೆ. ಅದಕ್ಕೆ ಉತ್ತರ ಅಂದೇ ಸಿಕ್ಕಿತು. ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಾಗ ಮಂಜಣ್ಣ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದ.

“ಅಮ್ಮಾರೆ, ಹೆಂಗೂ ಬಂದೀರಿ. ನಮ್ಮ ಶೆಡ್‌ನಾಗೆ ಇನ್ನೂ ಎರಡು ಹೆಡ್ ಅವೆ. ನೋಡಿ ಹೋಗ್ರಿ.”

ಸ್ಟೇಷನ್ನಿನ ಹತ್ತಿರದ ಅವನ ಶೆಡ್ಡಿಗೆ ಹೋದೆವು. ಅವನ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ತಿನ್ನುವ ಮುಂಚೆ ಕೆಲಸ ಮುಗಿಸುತ್ತೇನೆ ಎಂದು ಎರಡಕ್ಕೂ ಕೆಂಪು ಹೊಡೆದೆ, ಬಿಳಿ ಹೊಡೆದೆ, ಹಿಂಬದಿಗೆ ಟಾರ್ಚು ಬಿಟ್ಟೆ. ಒಂದನ್ನು ಅಲ್ಲೇ ಡ್ರಮ್ಮಿನಲ್ಲಿ ನೀರು ಕಾಯಿಸಿ, ಗಾಳಿ ತುಂಬಿ ಮುಳುಗಿಸಿ ನೋಡಿದ ಮೇಲೆ ನಡೆಯುತ್ತೆ ಎಂದೆ. ಇನ್ನೊಂದನ್ನು ನಡೆಯುವುದಿಲ್ಲ ಎಂದೆ. ಯಾಕೆ ಎಂದು ಮಂಜಣ್ಣ ಎರಡಕ್ಕೂ ಕೇಳಲಿಲ್ಲ.